ರೆಪೊ ದರವೂ ಟೊಮೆಟೊ ಗಿಡವೂ

ಜೂನ್ ತಿಂಗಳ ಮೊದಲ ವಾರ ಮಲೆನಾಡಿನ ಬೆಳೆಗಾರರೆಲ್ಲ ಪಡುವಣದ ಮೋಡಗಳ ಕಡೆ ಕಣ್ಣು ನೆಟ್ಟಿರುತ್ತಾರೆ. ಸಾಮಾನ್ಯವಾಗಿ ಅದೇ ವಾರದಲ್ಲಿ ಮುಂಬಯಿಯಲ್ಲಿ ಆರು ಜನರ ಸಮಿತಿಯೊಂದು ಮೂರು ದಿನ ಸಭೆ ಸೇರಿ, ಅದೇ ಮೋಡಗಳ ಬಗ್ಗೆ ಹವಾಮಾನ ಇಲಾಖೆ ಏನು ಹೇಳಿದೆಯೆಂದು ಪರಿಶೀಲಿಸುತ್ತದೆ. ಅದು ಭಾರತೀಯ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ. ಮಾರನೆಯ ದಿನದ ಪತ್ರಿಕೆಯಲ್ಲಿ ‘ರೆಪೊ ದರ ಯಥಾಸ್ಥಿತಿ’ ಎಂದೋ ‘ರೆಪೊ ದರ ಏರಿಕೆ’ ಎಂದೋ ತಲೆಬರಹ ಬರುತ್ತದೆ. ಅಡಿಕೆ ಧಾರಣೆಯನ್ನು ಎರಡೆರಡು ಸಲ ಓದುವ ನಾವು ಈ ಸುದ್ದಿ ಕಂಡೊಡನೆ ಪುಟ ಮಗುಚುತ್ತೇವೆ. ಮಗುಚಬಾರದೆಂಬುದು ಈ ಬರಹದ ಬಿನ್ನಹ. ಮುಂದೇನಾಗುವುದೆಂದು ಯಾರಿಗೂ ತಿಳಿಯದ ಕಾಲದಲ್ಲಿ ದೇಶದ ಕೇಂದ್ರ ಬ್ಯಾಂಕು ಹೇಗೆ ನಿರ್ಧಾರ ಕೈಗೊಳ್ಳುತ್ತದೆ, ಆ ನಿರ್ಧಾರದ ಹೊರೆ ಯಾರ ಹೆಗಲೇರುತ್ತದೆ ಎಂಬುದು ಮಳೆಯನ್ನು ನಂಬಿ ಬದುಕುವವರು ತಿಳಿದಿರಬೇಕಾದ ಸಂಗತಿ.

ವಿದ್ಯಾರ್ಥಿ ಮಿತ್ರರಿಗಾಗಿ ಮೊದಲು ಒಂದೆರಡು ವಿವರಣೆ. ವಾಣಿಜ್ಯ ಬ್ಯಾಂಕುಗಳಿಗೆ ಹಣದ ಕೊರತೆ ಬಿದ್ದಾಗ ಅವು ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಹಣ ಪಡೆಯುತ್ತವೆ. ಆ ಹಣಕ್ಕೆ ತೆರುವ ಬಡ್ಡಿಯೇ ರೆಪೊ ದರ. ಅದು ಏರಿದರೆ ಬ್ಯಾಂಕುಗಳು ನಮಗೆ ಕೊಡುವ ಸಾಲವೂ ಕ್ರಮೇಣ ತುಟ್ಟಿಯಾಗುತ್ತದೆ. ಮನೆ ಕಟ್ಟಬೇಕೆಂದವನು ಮುಂದೂಡುತ್ತಾನೆ, ಯಂತ್ರ ಕೊಳ್ಳಬೇಕೆಂದ ಕಾರ್ಖಾನೆ ತಡೆಯುತ್ತದೆ, ಒಟ್ಟು ಬೇಡಿಕೆ ಕುಗ್ಗಿ ಬೆಲೆಗಳ ಏರಿಕೆಯ ವೇಗ ತಗ್ಗುತ್ತದೆ. ದರ ಇಳಿಸಿದಾಗ ಇದೇ ಸರಪಳಿ ಹಿಮ್ಮುಖವಾಗಿ ಚಲಿಸುತ್ತದೆ. ಈ ಸಾಧನ ಕೆಲಸ ಮಾಡುವುದು ಬೇಡಿಕೆಯ ಮೇಲೆ. ಹೊಲದಲ್ಲಿ ಬೆಳೆ ಎಷ್ಟು ಬಂತೆಂಬುದರ ಮೇಲೆ ಅದಕ್ಕೆ ಹಿಡಿತವಿಲ್ಲವೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1935ರಲ್ಲಿ ಸ್ಥಾಪನೆಯಾದ ರಿಸರ್ವ್ ಬ್ಯಾಂಕಿಗೆ ಬೆಲೆಗಳ ಬಗ್ಗೆ ಅಂಕಿಯೊಂದನ್ನು ಗುರಿಯಾಗಿ ಕಾನೂನಿನಲ್ಲಿಯೇ ಗೊತ್ತುಪಡಿಸಿದ್ದು 2016ರಲ್ಲಿ. ಚಿಲ್ಲರೆ ಹಣದುಬ್ಬರ ಶೇ. 4ರ ಆಸುಪಾಸಿನಲ್ಲಿರಬೇಕು, ಶೇ. 2ಕ್ಕಿಂತ ಕೆಳಗಿಳಿಯಬಾರದು, ಶೇ. 6ನ್ನು ದಾಟಬಾರದು. ಸತತ ಮೂರು ತ್ರೈಮಾಸಿಕಗಳ ಕಾಲ ಸರಾಸರಿ ಈ ಗೆರೆಗಳ ಆಚೆಗೆ ಹೋದರೆ ಬ್ಯಾಂಕು ವಿಫಲವಾಯಿತೆಂದೇ ಅರ್ಥ. ಆಗ ಅದು ಕಾರಣಗಳನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕು. ಸಮಿತಿಯಲ್ಲಿ ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಮತಗಳು ಸಮವಾದರೆ ಗವರ್ನರರದು ನಿರ್ಣಾಯಕ ಮತ.

ನಿಯಮ ಇಷ್ಟು ಸರಳ. ಆದರೆ ಸಮಿತಿಯ ಮುಂದಿರುವ ಅಂಕಿಗಳೆಲ್ಲ ಕಳೆದ ತಿಂಗಳಿನವು, ಕಳೆದ ತ್ರೈಮಾಸಿಕದವು. ಇಂದು ಬದಲಿಸಿದ ದರ ಬೆಲೆಗಳನ್ನು ಮುಟ್ಟುವುದು ಹಲವು ತ್ರೈಮಾಸಿಕಗಳ ನಂತರ. ನಿನ್ನೆಯ ಬೆಳಕಿನಲ್ಲಿ ಮುಂದಿನ ವರ್ಷದ ಹಾದಿ ಹುಡುಕುವ ಈ ಕೆಲಸದಲ್ಲಿ ಕೆಲವೊಮ್ಮೆ ಆ ಬೆಳಕೂ ಆರಿಹೋಗುತ್ತದೆ. 2020ರ ಏಪ್ರಿಲ್ ಮತ್ತು ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಬೆಲೆ ಸಂಗ್ರಾಹಕರು ಮಾರುಕಟ್ಟೆಗಳಿಗೆ ಹೋಗಲಾಗದೆ, ಆ ಎರಡು ತಿಂಗಳ ಹಣದುಬ್ಬರವನ್ನು ಅಂದಾಜಿನಿಂದ ತುಂಬಬೇಕಾಯಿತು. ಸಮಿತಿ ಆ ಅಂಕಿಗಳನ್ನು ಸರಣಿಯಲ್ಲಿನ ಕಡಿತವೆಂದು ಪರಿಗಣಿಸಿ ಬದಿಗಿಟ್ಟಿತು. ಅದೇ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನ ಶೇ. 23.9ರಷ್ಟು ಕುಸಿದಿತ್ತೆಂದು ಮೊದಲ ಅಂದಾಜು ಹೊರಬಂದದ್ದು ಆಗಸ್ಟ್ ಕೊನೆಯಲ್ಲಿ. ಅಷ್ಟರೊಳಗೆ ಬ್ಯಾಂಕು ತನ್ನ ದೊಡ್ಡ ನಿರ್ಧಾರಗಳನ್ನೆಲ್ಲ ಕೈಗೊಂಡಾಗಿತ್ತು.

ಇಂಥ ಕತ್ತಲಲ್ಲಿ ನಡೆಯುವವನು ಮೆಲ್ಲಗೆ ಹೆಜ್ಜೆಯಿಡಬೇಕೋ, ಓಡಬೇಕೋ? ಅರ್ಥಶಾಸ್ತ್ರಜ್ಞರ ನಡುವೆ ಇದು ಹಳೆಯ ಚರ್ಚೆ. ಅಮೆರಿಕದ ವಿಲಿಯಂ ಬ್ರೈನಾರ್ಡ್ ಎಂಬ ವಿದ್ವಾಂಸರು 1967ರಲ್ಲಿ ಒಂದು ತತ್ತ್ವವನ್ನು ಮುಂದಿಟ್ಟರು: ನೀವು ಕೊಡುವ ಮದ್ದು ಎಷ್ಟು ಕೆಲಸ ಮಾಡುತ್ತದೆಂಬುದೇ ಖಚಿತವಿಲ್ಲದಿದ್ದರೆ, ಖಚಿತವಿದ್ದಾಗ ಕೊಡುತ್ತಿದ್ದುದಕ್ಕಿಂತ ಕಡಿಮೆ ಕೊಡಿ. ಗಣಿತದ ಭಾಷೆಯಲ್ಲಿರುವ ಈ ಮಾತು ಗದ್ದೆ ಮಾಡುವವರಿಗೆ ಹೊಸದೇನಲ್ಲ. ಯೂರಿಯಾವನ್ನು ನಾವು ಒಂದೇ ಸಲಕ್ಕೆ ಸುರಿಯುವುದಿಲ್ಲ. ನಮ್ಮ ಜಂಬಿಟ್ಟಿಗೆಯ ನೆಲದಲ್ಲಿ, ಮಳೆಗಾಲದ ನೀರಿನಲ್ಲಿ ಸಾರಜನಕ ಎಷ್ಟು ಬೇರಿಗೆ ಸಿಕ್ಕೀತು, ಎಷ್ಟು ಬಸಿದು ಹಳ್ಳ ಸೇರೀತು ಎಂದು ಹೇಳಬಲ್ಲವರಿಲ್ಲ. ಆದಕಾರಣ ನಾಟಿಯ ಹೊತ್ತಿಗೆ ಒಂದು ಪಾಲು, ತೆಂಡೆ ಒಡೆಯುವಾಗ ಇನ್ನೊಂದು, ತೆನೆ ಮೂಡುವ ಹಂತದಲ್ಲಿ ಉಳಿದದ್ದು. ಪ್ರತಿ ಸಲವೂ ಗದ್ದೆಯ ಬಣ್ಣ ನೋಡಿ ಮುಂದಿನ ಪಾಲನ್ನು ಹೆಚ್ಚುಕಡಿಮೆ ಮಾಡುತ್ತೇವೆ.

ಆದರೆ ಇದೇ ರೈತ ಅಡಿಕೆ ತೋಟಕ್ಕೆ ಬಂದಾಗ ಬೇರೆಯೇ ನಿಯಮ ಪಾಲಿಸುತ್ತಾನೆ. ಕೊಳೆರೋಗ ಈ ವರ್ಷ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಆದರೂ ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಶೇ. 1ರ ಬೋರ್ಡೋ ದ್ರಾವಣ ಬೀಳಬೇಕು, ನಲವತ್ತು-ನಲವತ್ತೈದು ದಿನಗಳಲ್ಲಿ ಮತ್ತೊಮ್ಮೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸಂಶಯವಿದೆಯೆಂದು ಅರ್ಧಕ್ಕೆ ಇಳಿಸುವವರಿಲ್ಲ. ಕೊಳೆತ ಕಾಯಿ ಬುಡದಲ್ಲಿ ಕಂಡ ಮೇಲೆ ಹೊಡೆದ ಮದ್ದು ಉಳಿದದ್ದನ್ನಷ್ಟೇ ಉಳಿಸುತ್ತದೆ. ತಡಮಾಡಿದರೆ ಆಗುವ ನಷ್ಟ ತುಂಬಿಕೊಳ್ಳಲಾಗದಷ್ಟು ದೊಡ್ಡದಾಗಿರುವಲ್ಲಿ, ಅನಿಶ್ಚಿತತೆಯೇ ಮುಂಚಿತವಾಗಿ ಪೂರ್ಣ ಪ್ರಮಾಣದಲ್ಲಿ ಕಾರ್ಯಪ್ರವೃತ್ತರಾಗಲು ಕಾರಣವಾಗುತ್ತದೆ.

ಈ ಎರಡು ನಿಯಮಗಳು ಒಂದಕ್ಕೊಂದು ವಿರುದ್ಧ. ನನ್ನ ತಿಳಿವಳಿಕೆಯಲ್ಲಿ ಕೇಂದ್ರ ಬ್ಯಾಂಕಿನ ವಿವೇಕವೆಲ್ಲ ಅಡಗಿರುವುದು, ತಾನೀಗ ನಿಂತಿರುವುದು ಗದ್ದೆಯಲ್ಲೋ ತೋಟದಲ್ಲೋ ಎಂದು ಗುರುತಿಸುವುದರಲ್ಲಿ.

2008ರ ಜಾಗತಿಕ ಕುಸಿತದಲ್ಲಿ ರಿಸರ್ವ್ ಬ್ಯಾಂಕು ತೋಟದ ನಿಯಮ ಹಿಡಿಯಿತು: ಅಕ್ಟೋಬರಿನಿಂದ ಮರುವರ್ಷದ ಏಪ್ರಿಲ್‌ವರೆಗಿನ ಏಳು ತಿಂಗಳಲ್ಲಿ ರೆಪೊ ದರ ಶೇ. 9ರಿಂದ ಶೇ. 4.75ಕ್ಕೆ ಇಳಿಯಿತು. 2020ರಲ್ಲಿ ಅದಕ್ಕಿಂತಲೂ ಅವಸರ. ಮಾರ್ಚ್ 27ರಂದು, ನಿಗದಿತ ದಿನಕ್ಕೆ ಕಾಯದೆ ಸಭೆ ಸೇರಿ, ದರವನ್ನು ಶೇ. 5.15ರಿಂದ ಒಮ್ಮೆಗೇ ಶೇ. 4.40ಕ್ಕೆ ತಂದರು, ಮೇ 22ರಂದು ಶೇ. 4ಕ್ಕೆ. ಬ್ಯಾಂಕುಗಳು ಕಡ್ಡಾಯವಾಗಿ ತೆಗೆದಿಡಬೇಕಾದ ನಗದು ಮೀಸಲು ಶೇ. 4ರಿಂದ ಶೇ. 3ಕ್ಕೆ ಇಳಿಯಿತು. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಸಾಲದ ಕಂತುಗಳನ್ನು ಮುಂದೂಡಲು ಅವಕಾಶವಾಯಿತು. ಮುಂದೂಡಿಕೆಯನ್ನು ಮನ್ನಾ ಎಂದು ತಿಳಿದವರು ಹಳ್ಳಿಗಳಲ್ಲಿ ಬಹಳ ಮಂದಿ. ಬಡ್ಡಿ ಬೆಳೆಯುತ್ತಲೇ ಇತ್ತೆಂಬುದು ಅವರಿಗೆ ತಿಳಿದದ್ದು ಮುಂದಿನ ಪಾಸ್‌ಬುಕ್ ನೋಡಿದಾಗ. ಆ ವರ್ಷ ಠೇವಣಿಯ ಬಡ್ಡಿಯನ್ನೇ ನಂಬಿದ ಹಿರಿಯರೂ ಬೆಲೆ ತೆತ್ತರು: 2020-21ರ ಸರಾಸರಿ ಹಣದುಬ್ಬರ ಶೇ. 6.2, ಬ್ಯಾಂಕುಗಳು ಠೇವಣಿಗೆ ಕೊಡುತ್ತಿದ್ದುದು ಅದಕ್ಕಿಂತ ಕಡಿಮೆ. ಹೀಗಿದ್ದರೂ ಆ ವಸಂತದಲ್ಲಿ ದರ ಇಳಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕಾದು ನೋಡಬಹುದಾದ ಹೊತ್ತು ಅದಾಗಿರಲಿಲ್ಲ.

ಮದ್ದನ್ನು ಯಾವಾಗ ಆರಂಭಿಸಬೇಕೆಂಬ ಪ್ರಶ್ನೆಗಿಂತ ಯಾವಾಗ ನಿಲ್ಲಿಸಬೇಕೆಂಬುದು ಕಷ್ಟದ್ದು. 2022ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು 2022-23ನೇ ಸಾಲಿನ ಹಣದುಬ್ಬರ ಶೇ. 4.5 ಇದ್ದೀತೆಂದು ಅಂದಾಜಿಸಿತು. ಎರಡು ವಾರಗಳಲ್ಲಿ ಯುಕ್ರೇನ್ ಯುದ್ಧ ಆರಂಭವಾಗಿ ಕಚ್ಚಾತೈಲ, ಗೊಬ್ಬರ, ಸೂರ್ಯಕಾಂತಿ ಎಣ್ಣೆಗಳ ಬೆಲೆ ನೆಗೆಯಿತು. ಮಾರ್ಚ್‌ನಲ್ಲಿ ಉತ್ತರ ಭಾರತದ ಬಿಸಿಗಾಳಿ ಗೋಧಿಯ ಕಾಳನ್ನು ಸುಕ್ಕುಗಟ್ಟಿಸಿತು. ಏಪ್ರಿಲ್‌ನಲ್ಲಿ ಅಂದಾಜು ಶೇ. 5.7ಕ್ಕೇರಿತು, ಜೂನ್‌ನಲ್ಲಿ ಶೇ. 6.7ಕ್ಕೆ. ವರ್ಷದ ಕೊನೆಗೆ ಸಂಭವಿಸಿದ್ದೂ ಶೇ. 6.7. ಫೆಬ್ರವರಿಯಲ್ಲಿ ಯುದ್ಧವನ್ನು ಊಹಿಸಲಿಲ್ಲವೆಂದು ಯಾರನ್ನೂ ದೂಷಿಸಲಾಗದು. ಏಪ್ರಿಲ್ 8ರ ಸಭೆಯ ಮಾತು ಬೇರೆ. ಹಣದುಬ್ಬರ ಆ ವೇಳೆಗಾಗಲೇ ಶೇ. 6ರ ಗೆರೆ ದಾಟಿತ್ತು. ಆದರೂ ರೆಪೊ ದರ ಶೇ. 4ರಲ್ಲೇ ಉಳಿಯಿತು. ನಾಲ್ಕು ವಾರ ಕಳೆಯುವಷ್ಟರಲ್ಲಿ, ಮೇ 4ರಂದು, ತುರ್ತು ಸಭೆ ಸೇರಿ ಶೇ. 0.40 ಏರಿಸಬೇಕಾಯಿತು. ಆ ಏಪ್ರಿಲ್ ತಿಂಗಳ ಹಣದುಬ್ಬರ ಶೇ. 7.79 ಎಂದು ಆಮೇಲೆ ತಿಳಿಯಿತು. ಚೇತರಿಕೆಯ ಚಿಗುರು ಬಾಡೀತೆಂಬ ಭಯ ಬ್ಯಾಂಕಿನ ಕೈಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಹಿಡಿದಿತ್ತೆಂದು ನನಗೆ ತೋರುತ್ತದೆ. ಅಲ್ಲಿಂದ ಮುಂದೆ ಗದ್ದೆಯ ನಿಯಮ: 0.50 ಮೂರು ಸಲ, ಬಳಿಕ 0.35, 2023ರ ಫೆಬ್ರವರಿಯಲ್ಲಿ 0.25. ಕಡೆಯ ಪಾಲುಗಳು ಚಿಕ್ಕವಾಗುತ್ತ ಬಂದು ದರ ಶೇ. 6.50ರಲ್ಲಿ ನಿಂತಿತು, ಎರಡು ವರ್ಷ ಅಲ್ಲಾಡಲಿಲ್ಲ.

ಈ ಎರಡೂವರೆ ಶೇಕಡಾ ನಮ್ಮ ಊರುಗಳನ್ನು ಹೇಗೆ ತಲಪಿತು? ಎಲ್ಲರನ್ನೂ ಸಮನಾಗಿ ತಲಪಲಿಲ್ಲ. ಸಹಕಾರ ಸಂಘದ ಬೆಳೆಸಾಲಕ್ಕೆ ರಾಜ್ಯ ಸರ್ಕಾರದ ನೆರವಿನಿಂದ ಶೂನ್ಯ ಬಡ್ಡಿ. 2023ರಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಅಲ್ಲಿ ರೆಪೊ ದರದ ಗಾಳಿಯೂ ಸೋಕುವುದಿಲ್ಲ. ಇನ್ನೊಂದು ತುದಿಯಲ್ಲಿ ಕಿರುಸಾಲ ಕಂಪನಿಗಳಿಂದ ವಾರದ ಕಂತಿಗೆ ಹಣ ಪಡೆದ ಹೆಣ್ಣುಮಕ್ಕಳಿದ್ದಾರೆ. ಅವರು ತೆರುವ ಬಡ್ಡಿ ಶೇ. 20ನ್ನೂ ಮೀರುತ್ತದೆ, ರೆಪೊ ಇಳಿದಾಗ ಆ ಇಳಿಕೆ ಅವರ ಬಾಗಿಲಿಗೆ ಬರುವುದು ಅಪರೂಪ. ಅವರ ಕಷ್ಟಕ್ಕೆ ಮಿಂಟ್ ರಸ್ತೆಯ ಸಮಿತಿಗಿಂತ, ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರವರಿಯಲ್ಲಿ ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆಯೇ ಹತ್ತಿರದ್ದಾಗಿತ್ತು. ದರದ ಏಟು ನೇರವಾಗಿ ಬೀಳುವುದು ಇವರಿಬ್ಬರ ನಡುವಿನವರಿಗೆ: ಬ್ಯಾಂಕಿನ ಗೃಹಸಾಲ ಪಡೆದ ಶಾಲಾ ಮಾಸ್ತರರಿಗೆ, ಸಣ್ಣ ಗಿರಣಿ ಇಟ್ಟವರಿಗೆ. 2019ರ ಅಕ್ಟೋಬರಿನಿಂದ ಇಂಥ ಬದಲಾಗುವ ಬಡ್ಡಿಯ ಹೊಸ ಸಾಲಗಳನ್ನು ಬ್ಯಾಂಕುಗಳು ರೆಪೊದಂಥ ಹೊರಗಿನ ದರವೊಂದಕ್ಕೆ ಕಟ್ಟಿಹಾಕಲೇಬೇಕಾಗಿದೆ.

ಇಲ್ಲೊಂದು ಲೆಕ್ಕ ಮಾಡಿ ನೋಡಬೇಕು. ಇಪ್ಪತ್ತು ವರ್ಷದ ಅವಧಿಗೆ ಹತ್ತು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ. 7. ತಿಂಗಳ ಕಂತು ಸುಮಾರು 7,753 ರೂಪಾಯಿ. ಬಡ್ಡಿ ಶೇ. 9.5ಕ್ಕೆ ಏರಿದರೆ ಕಂತು 9,321 ಆಗಬೇಕು. ‘ನಿಮ್ಮ ಕಂತು ಹೆಚ್ಚಿಸುವುದಿಲ್ಲ, ಅವಧಿ ಮಾತ್ರ ಹೆಚ್ಚಿಸುತ್ತೇವೆ’ ಎಂದು ಬ್ಯಾಂಕು ಹೇಳಿದರೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ಶೇ. 9.5ರಂತೆ ಹತ್ತು ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 7,917 ರೂಪಾಯಿ. ಹಳೆಯ ಕಂತು ಬಡ್ಡಿಗೂ ಸಾಲದು. ಕಟ್ಟಿದಷ್ಟೂ ಅಸಲು ಬೆಳೆಯುತ್ತದೆ. ಇದನ್ನು ಮನಗಂಡೇ ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ, ದರ ಬದಲಾದಾಗ ಕಂತು ಮತ್ತು ಅವಧಿಯ ಮೇಲೆ ಆಗುವ ಪರಿಣಾಮವನ್ನು ಸಾಲಗಾರನಿಗೆ ತಿಳಿಸಬೇಕು, ಕಂತು ಹೆಚ್ಚಿಸುವ ಅಥವಾ ಅವಧಿ ಹಿಗ್ಗಿಸುವ ಆಯ್ಕೆ ಕೊಡಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿತು. ಗೃಹಸಾಲವಿರುವವರು ಶಾಖೆಗೆ ಹೋದಾಗ ಉಳಿದಿರುವ ಅಸಲು ಎಷ್ಟು, ಕಂತುಗಳು ಎಷ್ಟು ಎಂದು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಇನ್ನು ಟೊಮೆಟೊ ಗಿಡದ ವಿಚಾರ. 2023ರ ಜುಲೈನಲ್ಲಿ ಹಣದುಬ್ಬರ ಮತ್ತೆ ಶೇ. 7.44ಕ್ಕೆ ಜಿಗಿಯಿತು. ಮುಖ್ಯ ಕಾರಣ ತರಕಾರಿ, ಅದರಲ್ಲೂ ಟೊಮೆಟೊ. ಕೋಲಾರದ ಕಡೆ ಎಲೆ ಮುದುಡು ರೋಗ, ಬೇರೆಡೆ ಅಕಾಲದ ಮಳೆ. ಆಗ ದರ ಏರಿಸಿದ್ದರೆ ಏನಾಗುತ್ತಿತ್ತು? ಟೊಮೆಟೊ ಸಸಿ ನಾಟಿಯಾದ ಎರಡು-ಮೂರು ತಿಂಗಳಲ್ಲಿ ಹಣ್ಣು ಕೊಯ್ಲಿಗೆ ಬರುತ್ತದೆ. ಏರಿಸಿದ ಬಡ್ಡಿ ಬೇಡಿಕೆಯನ್ನು ಮುಟ್ಟುವುದು ಅದಕ್ಕೂ ಬಹಳ ತಡವಾಗಿ. ಬಡ್ಡಿಯ ಬಿಸಿ ತಟ್ಟುವ ವೇಳೆಗೆ ಮಾರುಕಟ್ಟೆಯಲ್ಲಿ ಹೊಸ ಫಸಲಿನ ರಾಶಿ ಬಿದ್ದಿರುತ್ತದೆ, ನರಳುವವನು ಟೊಮೆಟೊಗೂ ತನಗೂ ಸಂಬಂಧವಿಲ್ಲದ ಗಿರಣಿಯವನು. ಆಗಸ್ಟ್ ಸಭೆಯಲ್ಲಿ ಸಮಿತಿ ಅಲುಗಾಡದೆ ಕುಳಿತದ್ದು ಶ್ಲಾಘನೀಯ. ಸೆಪ್ಟೆಂಬರಿನ ಅಂಕಿ ಶೇ. 5.02ಕ್ಕೆ ಇಳಿಯಿತು. ಬರುವ ರೋಗಕ್ಕೆ ಮುಂಚೆಯೇ ಮದ್ದು, ತಾನಾಗಿ ಹೋಗುವ ರೋಗಕ್ಕೆ ತಾಳ್ಮೆ. ಎರಡರಲ್ಲಿ ಯಾವುದೆಂದು ಹೇಳುವ ಪಂಚಾಂಗ ಮಾತ್ರ ಇಲ್ಲ.

ತೊಡಕು ಆರಂಭವಾಗುವುದು ತಾತ್ಕಾಲಿಕವೆಂದುಕೊಂಡದ್ದು ವರ್ಷವರ್ಷವೂ ಬಂದಾಗ. ಅದೇ 2023ರ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎಂದು ಹವಾಮಾನ ಇಲಾಖೆ ದಾಖಲಿಸಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಮಳೆಗೆ ಹೆಸರಾದ ನಮ್ಮ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ತರಕಾರಿ ಇಳಿಯಿತು, ತೊಗರಿ ಬೇಳೆ ಏರಿತು. 2024ರ ಅಕ್ಟೋಬರಿನಲ್ಲಿ ತರಕಾರಿಯೇ ಮತ್ತೆ ಹಣದುಬ್ಬರವನ್ನು ಶೇ. 6.21ಕ್ಕೆ ಒಯ್ಯಿತು, ಆಹಾರ ಪದಾರ್ಥಗಳದ್ದೇ ಲೆಕ್ಕ ಹಿಡಿದರೆ ಶೇ. 10.87. ಹೀಗೆ ಮೇಲಿಂದ ಮೇಲೆ ಬರುವ ಏಟನ್ನು ‘ಹೋಗಿಬಿಡುತ್ತದೆ’ ಎನ್ನುತ್ತ ಕೂರಲಾಗದು. ಜನ ಬೆಲೆ ಏರುತ್ತಲೇ ಇರುತ್ತದೆಂದು ನಂಬಿ ಕೂಲಿಯನ್ನೂ ಬಾಡಿಗೆಯನ್ನೂ ಅದಕ್ಕೆ ತಕ್ಕಂತೆ ಕೇಳತೊಡಗಿದರೆ, ಟೊಮೆಟೊದಿಂದ ಆರಂಭವಾದ ಏರಿಕೆ ಟೊಮೆಟೊ ಇಳಿದ ಮೇಲೂ ಉಳಿದುಬಿಡುತ್ತದೆ. ಹವೆ ಕೆಡುವುದು ನಿಯಮವೇ ಆದ ಕಾಲದಲ್ಲಿ ಗದ್ದೆ-ತೋಟಗಳ ಗಡಿ ಅಳಿಸಿಹೋಗುತ್ತಿದೆ. ಘಟ್ಟದ ಕಾಡು, ಬಯಲಿನ ಕೆರೆ, ಮಣ್ಣಿನ ತೇವ ಇವೆಲ್ಲ ಪರಿಸರದವರ ಮಾತೆಂದು ತಳ್ಳಿಹಾಕುತ್ತಿದ್ದವರು, ಅವು ಬಡ್ಡಿದರದ ಲೆಕ್ಕದಲ್ಲೂ ಬರುತ್ತವೆಂದು ಈಗ ಒಪ್ಪಬೇಕಾಗಿದೆ.

ಇದಕ್ಕೆ ದೆಹಲಿಯಲ್ಲಿ ಹೊಳೆದ ಉಪಾಯ ಇನ್ನೊಂದು. ಆಹಾರವನ್ನು ಹಣದುಬ್ಬರದ ಗುರಿಯಿಂದಲೇ ಹೊರಗಿಟ್ಟರೆ ಹೇಗೆಂದು ಪರಿಶೀಲಿಸಬೇಕೆಂದು 2024ರ ಜುಲೈನಲ್ಲಿ ಮಂಡಿಸಿದ ಆರ್ಥಿಕ ಸಮೀಕ್ಷೆ ಸೂಚಿಸಿತು. ಬಡ್ಡಿ ಟೊಮೆಟೊ ಬೆಳೆಯಲಾರದು ಎಂದು ಮೇಲೆ ಬರೆದ ನಾನು ಇದನ್ನು ಒಪ್ಪಬೇಕೆಂದು ಓದುಗರು ನಿರೀಕ್ಷಿಸಬಹುದು. ಒಪ್ಪಲಾರೆ. ಆಗ ಬಳಕೆಯಲ್ಲಿದ್ದ, 2012ನ್ನು ಮೂಲ ವರ್ಷವಾಗಿ ಹೊಂದಿದ್ದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ. 45.86. ತೋಟದ ಕೂಲಿಯಿಂದ ಬದುಕುವ ಮನೆಯ ಖರ್ಚಿನಲ್ಲಿ ಆ ಪಾಲು ಇನ್ನೂ ಹೆಚ್ಚು. ಅಕ್ಕಿ ಬೇಳೆಗಳನ್ನು ಬಿಟ್ಟು ಲೆಕ್ಕ ಹಾಕಿದ ಬೆಲೆ ಏರಿಕೆ ಆ ಮನೆಯವರಿಗೆ ಯಾರದೋ ಊರಿನ ಸುದ್ದಿ. (ನಮ್ಮ ಅಡಿಕೆಯೂ ಆ ಸೂಚ್ಯಂಕದ ಮೂಲೆಯೊಂದರಲ್ಲಿ ಇದೆ, ಎಲೆಯಡಿಕೆ, ತಂಬಾಕು, ಮದ್ಯಗಳೆಲ್ಲ ಸೇರಿ ಅಲ್ಲಿ ಶೇ. 2.38. ಅಡಿಕೆ ಧಾರಣೆ ಎಷ್ಟೇ ಏರಿದರೂ ಗವರ್ನರರ ನಿದ್ದೆ ಕೆಡಲಾರದು.) ಅಳತೆಗೋಲನ್ನು ಬದಲಿಸುವುದರಿಂದ ಹಸಿವಿನ ಅಳತೆ ಬದಲಾಗುವುದಿಲ್ಲ.

ಬ್ಯಾಂಕು ಮಾಡಲಾಗದ್ದನ್ನು ಸರ್ಕಾರ ಮಾಡಬೇಕು. ಅದು ಮಾಡಿದ್ದೇನು? ಮೇ 4ರ ತುರ್ತು ಸಭೆಯಾದ ಒಂಬತ್ತನೇ ದಿನ, 2022ರ ಮೇ 13ರಂದು, ಗೋಧಿ ರಫ್ತಿಗೆ ನಿಷೇಧ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೆ ನಿಷೇಧ. ಮರುತಿಂಗಳು ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ. ಬೆಲೆ ಬಂದ ಒಂದೇ ವರ್ಷದಲ್ಲಿ ಬೆಳೆಗಾರನ ಬಾಗಿಲು ಮುಚ್ಚಿ ಶೇ. 4ರ ಗುರಿಗೆ ಹೊಂದಿಸಿದಂತಾಯಿತು. ಬೆಲೆ ಕುಸಿದಾಗ ಇಷ್ಟೇ ಚುರುಕಾಗಿ ಆದೇಶಗಳು ಹೊರಡುವುದನ್ನು ನಾವು ಕಂಡಿಲ್ಲ. 2025ರಲ್ಲಿ ಒಳ್ಳೆಯ ಮಳೆಯೂ ಫಸಲೂ ಸೇರಿ ಆಹಾರದ ಬೆಲೆಗಳು ಇಳಿದವು. ಅಕ್ಟೋಬರಿನ ಹಣದುಬ್ಬರ ಶೇ. 0.25, ಆ ಸರಣಿಯಲ್ಲೇ ಅತಿ ಕನಿಷ್ಠ. ರೆಪೊ ದರ ಫೆಬ್ರವರಿಯಿಂದ ಹಂತ ಹಂತವಾಗಿ ಇಳಿದು ಡಿಸೆಂಬರಿನಲ್ಲಿ ಶೇ. 5.25 ಆಯಿತು. ಪೇಟೆಯ ಪತ್ರಿಕೆಗಳು ಇದನ್ನು ಶುಭವಾರ್ತೆಯೆಂದು ಬರೆದವು. ತರಕಾರಿ ಬೆಳೆದವರ ಮನೆಯಲ್ಲಿ ಆ ಶೇ. 0.25ಕ್ಕೆ ಬೇರೆ ಹೆಸರಿದೆ.

ಈ ಎಲ್ಲದರ ನಡುವೆ ಬ್ಯಾಂಕಿನ ಒಂದು ಪತ್ರದ ಕಥೆ ಬಾಕಿಯಿದೆ. 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಮೂರು ತ್ರೈಮಾಸಿಕಗಳಲ್ಲೂ ಹಣದುಬ್ಬರ ಶೇ. 6ನ್ನು ಮೀರಿತ್ತು; ಕಾನೂನು ಬಂದ ಮೇಲೆ ಅಧಿಕೃತವಾಗಿ ದಾಖಲಾದ ಮೊದಲ ವೈಫಲ್ಯವದು. ನವೆಂಬರ್ 3ರಂದು ಸಮಿತಿ ಅದಕ್ಕೆಂದೇ ಸಭೆ ಸೇರಿತು, ಸರ್ಕಾರಕ್ಕೆ ವರದಿ ಹೋಯಿತು. ಏಕೆ ತಪ್ಪಿತು, ಏನು ಮಾಡುತ್ತೇವೆ, ಎಂದಿನೊಳಗೆ ಗುರಿ ಮುಟ್ಟುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಅದನ್ನು ಬ್ಯಾಂಕು ಪ್ರಕಟಿಸಲಿಲ್ಲ. ಪ್ರಕಟಿಸಲು ಕಾಯ್ದೆಯಲ್ಲಿ ಅವಕಾಶ ಕಲ್ಪಿಸಿಲ್ಲವೆಂದು ಸಂಸತ್ತಿನಲ್ಲಿ ಸರ್ಕಾರದ ಉತ್ತರ ಬಂತು. ಅನಿಶ್ಚಿತ ಕಾಲದಲ್ಲಿ ಅಂದಾಜು ತಪ್ಪುವುದನ್ನು ಯಾವ ರೈತನೂ ಅಪರಾಧವೆನ್ನುವುದಿಲ್ಲ. ಆದರೆ ಕಂತು ಏರಿಸಿಕೊಂಡವರಿಗೂ, ರಫ್ತಿನ ಬಾಗಿಲು ಮುಚ್ಚಿಸಿಕೊಂಡವರಿಗೂ ಆ ಮೂರು ಉತ್ತರಗಳನ್ನು ಓದುವ ಹಕ್ಕಿದೆ. ಸಮಿತಿಯ ಪ್ರತಿ ಸಭೆಯ ನಡಾವಳಿ, ಯಾರು ಯಾವ ಕಡೆ ಮತ ನೀಡಿದರು, ಏಕೆ ನೀಡಿದರು ಎಂಬ ವಿವರದೊಡನೆ, ಹದಿನಾಲ್ಕನೇ ದಿನ ಸಾರ್ವಜನಿಕವಾಗಬೇಕೆಂದು ಇದೇ ಕಾಯ್ದೆ ಹೇಳುತ್ತದೆ, ಅದು ಆಗುತ್ತಲೂ ಇದೆ. ನಮ್ಮ ಕಾಲೇಜುಗಳ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ತೆರೆದು ಮಳೆ, ತರಕಾರಿ, ಬೇಳೆಗಳ ಬಗ್ಗೆ ಆರು ಜನ ಏನು ಬರೆದಿದ್ದಾರೆಂದು ಓದಬಹುದು. ವೈಫಲ್ಯದ ವರದಿಗೂ ಅದೇ ಹದಿನಾಲ್ಕು ದಿನಗಳ ನಿಯಮವನ್ನು ಅನ್ವಯಿಸಲು ಕಾಯ್ದೆಗೆ ಒಂದು ಸಾಲಿನ ತಿದ್ದುಪಡಿ ಸಾಕು. ನಮ್ಮ ಸಂಸದರು ಮತ ಕೇಳಲು ಘಟ್ಟ ಹತ್ತಿದಾಗ ಅಡಿಕೆಯ ಆಮದು ಸುಂಕದ ಜೊತೆಗೆ ಅವರ ಮುಂದೆ ಈ ಮಾತನ್ನೂ ಇಡೋಣ.